ಇಂಗು ತಿಂದ ಬಿಲ್ವ

ದೇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಆ ವರ್ಷ ನನಗೆ ಹೇಳದವರೇ ಇಲ್ಲ. ಆಸ್ಪತ್ರೆಯ ಆಯಾ ಹೇಳಿದಳು, ಹಾಲು ಹಾಕುವವನು ಹೇಳಿದ, ಎದುರುಮನೆಯ ಆಂಟಿಯಂತೂ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ಹೇಳಿದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಪರೀಕ್ಷೆ ಮಾಡೋಕೆ ನಾನೇನು ಎಸ್ಸೆಸ್ಸೆಲ್ಸಿ ಹುಡುಗೀನಾ ಆಂಟಿ? ಪಾಸಾದ್ರೆ ಏನು ಕೊಡ್ತಾನಂತೆ, ಸ್ವಲ್ಪ ಕೇಳಿ ಹೇಳಿ" ಎಂದುಬಿಟ್ಟೆ. ಅವರು ಕೆಲವು ದಿನ ನಮ್ಮ ಗೇಟಿನ ಕಡೆ ತಲೆ ಹಾಕಲಿಲ್ಲ. ನನಗೂ ನೆಮ್ಮದಿಯಾಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬನಶಂಕರಿ ಮೂರನೇ ಹಂತದಲ್ಲಿ, ಹೊಸಕೆರೆಹಳ್ಳಿ ಕೆರೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಒಂದು ಥರ್ಟಿ ಫಾರ್ಟಿ ಸೈಟಿನಲ್ಲಿ ನಾವು ಮನೆ ಕಟ್ಟಿಕೊಂಡಿದ್ದೆವು. ಮನೆಯಲ್ಲಿ ನಾವಿಬ್ಬರೇ. ನಮ್ಮೆಜಮಾನರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮೈದಾನದ ಈ ತುದಿಯಲ್ಲಿ ನಿಂತು ಅವರು "ಸಾವಧಾನ್" ಎಂದರೆ ಆ ತುದಿಯ ಮಕ್ಕಳಿರಲಿ, ರಸ್ತೆಯಲ್ಲಿ ಹೋಗುವವರೂ ಒಂದು ಗಳಿಗೆ ನೆಟ್ಟಗಾಗುತ್ತಿದ್ದರು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ.

ಪಾಯ ತೋಡಿದ ವರ್ಷ ಅವರು ಲಾಲ್‌ಬಾಗಿನ ನರ್ಸರಿಯಿಂದ ಒಂದು ಬಿಲ್ವದ ಗಿಡವನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಬಂದು ಗೇಟಿನ ಪಕ್ಕದ ಮೂಲೆಯಲ್ಲಿ ನೆಟ್ಟರು. ಮನೆಗಿಂತ ಮೊದಲು ಎದ್ದದ್ದು ಅದೇ. ಬೆಳೆದ ಮೇಲೆ ಬೀದಿಗೆಲ್ಲ ಬೇಕಾಯಿತು. ಸೋಮವಾರ ಬಂತೆಂದರೆ ಬೆಳಗಾಗುತ್ತಲೇ "ಅಕ್ಕಾ, ನಾಲ್ಕೆಸಳು ಪತ್ರೆ" ಎಂದು ಬುಟ್ಟಿ ಹಿಡಿದವರು ನಿಲ್ಲುತ್ತಿದ್ದರು. ಮುಳ್ಳು ಚುಚ್ಚಿಸಿಕೊಂಡು ಕಿತ್ತುಕೊಡುತ್ತಿದ್ದವರು ಇವರು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಒಂದು ಹುಳು ಕೂರುತ್ತಿತ್ತು. ನಾನು ಪೊರಕೆಯಿಂದ ಒರೆಸಲು ಹೋದರೆ ಇವರು ಕೈಹಿಡಿದು, "ಲೇ, ಅದು ಚಿಟ್ಟೆ ಕಣೆ, ವೇಷ ಹಾಕ್ಕೊಂಡಿದೆ" ಎನ್ನುತ್ತಿದ್ದರು. ಹುಳು ದೊಡ್ಡದಾಗಿ ಹಸಿರಾಗುತ್ತಿತ್ತು. ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ಹೆದರಿಸುತ್ತಿತ್ತು. ಅಷ್ಟು ಗಾತ್ರದ ಪ್ರಾಣಿಗೆ ಅಷ್ಟು ಜಂಬ! ನನಗೆ ಅದು ತುಂಬಾ ಹಿಡಿಸುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಇವರು ಬಚ್ಚಲಲ್ಲಿ ಬಿದ್ದರು. ಲಕ್ವ. ಎಡಭಾಗ ಪೂರ್ತಿ ಹೋಯಿತು. ಬಾಯಿ ಸೊಟ್ಟಗಾಯಿತು, ಮಾತು ತೊದಲಾಯಿತು. ಆ ಗಂಟಲಿನಿಂದ ಪಿಸಪಿಸ ಎನ್ನುವ ಮಾತು ಕೇಳಿದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತು ಮುಗಿಸಿ ಮುಖ ತೊಳೆದುಕೊಂಡು ಒಳಗೆ ಹೋದೆ. ಅವರ ಮುಂದೆ ಅಳಬಾರದೆಂದು ನನಗೆ ನಾನೇ ಹಾಕಿಕೊಂಡ ಕಟ್ಟಪ್ಪಣೆ.

ನಮ್ಮ ಮನೆತನದಲ್ಲಿ ದೇವರು ಗೋಡೆಯ ಮೇಲಿಲ್ಲ, ಎದೆಯ ಮೇಲಿದ್ದಾನೆ. ಕತ್ತಿನಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಸ್ನಾನವಾದ ಮೇಲೆ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣಿಟ್ಟು ನೋಡುತ್ತಾ ಕೂರುವುದೇ ಪೂಜೆ. ಪೂಜಾರಿ ಬೇಡ, ಗುಡಿ ಬೇಡ. ಬೇಕಾದದ್ದು ಒಂದು ಎಡಗೈ. ಆ ಎಡಗೈಯನ್ನೇ ದೇವರು ಕಿತ್ತುಕೊಂಡಿದ್ದ. ಇದಕ್ಕೆ ನಾನು ಇವತ್ತಿಗೂ ಅವನನ್ನು ಪೂರ್ತಿ ಕ್ಷಮಿಸಿಲ್ಲ.

ಆಸ್ಪತ್ರೆಯಿಂದ ಬಂದ ಮೊದಲ ಸೋಮವಾರ ಇವರು ಹಟ ಮಾಡಿ ಪೂಜೆಗೆ ಕೂತರು. ಶ್ರೀನಗರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದ ಅತ್ತೆ ಅವತ್ತು ಮುಂಜಾನೆಯೇ ಬಂದಿದ್ದರು. ಇವರು ಮುದುಡಿಕೊಂಡ ಎಡಗೈ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿ, ಲಿಂಗವನ್ನಿಟ್ಟು, ನೀರಿನ ಗಿಂಡಿಗೆ ಕೈ ಚಾಚಿದರು. ಅಷ್ಟರಲ್ಲಿ ಎಡಗೈ ತನ್ನಷ್ಟಕ್ಕೆ ತಾನೇ ಮಗುಚಿಕೊಂಡಿತು. ಲಿಂಗ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ನನ್ನ ಹೊಲಿಗೆ ಮಷಿನ್ನಿನ ಪೆಡಲ್ ಕೆಳಗೆ ಸೇರಿತು.

"ಅಯ್ಯಯ್ಯೋ ಶಿವನೇ!" ಎಂದು ಅತ್ತೆ ಎದೆ ಬಡಿದುಕೊಂಡರು. ಅವರ ಕಾಲದಲ್ಲಿ ಲಿಂಗ ಕೈಜಾರಿತೆಂದರೆ ಜೀವ ಕೈಜಾರಿದ ಹಾಗೆಯೇ. ನಾನು ಮಷಿನ್ ಕೆಳಗೆ ತೂರಿ, ನೂಲಿನ ಚೂರು ಮೆತ್ತಿಕೊಂಡಿದ್ದ ಲಿಂಗವನ್ನು ಎತ್ತಿ, ತೊಳೆದು ಕೊಟ್ಟೆ. ಬಲಗೈಯಲ್ಲಿ ಇಟ್ಟುಕೊಳ್ಳಿ ಎಂದೆ. ಇವರು ನನ್ನ ಮುಖ ನೋಡಿ, "ಹಂಗಾದ್ರೆ... ಪೂಜೆ... ಯಾವ ಕೈಲಿ?" ಎಂದರು. ಲಿಂಗವನ್ನು ಕರಡಿಗೆಯೊಳಗಿಟ್ಟು ಮುಚ್ಚಳ ಒತ್ತಿದರು. ಆಮೇಲೆ ಅದನ್ನು ತೆಗೆಯಲಿಲ್ಲ.

ಲಕ್ವಕ್ಕಿಂತ ನನಗೆ ಭಯವಾದದ್ದು ಇದಕ್ಕೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ, "ಸಾರ್ ಕೋಆಪರೇಟೇ ಮಾಡಲ್ಲ ಆಂಟಿ, ಅವ್ರು ಮನಸ್ಸು ಮಾಡಿದ್ರೆ ನಡೀಬೋದು" ಎನ್ನುತ್ತಿದ್ದಳು. ಮನಸ್ಸು ಮಾಡುವ ಮನುಷ್ಯ ಕರಡಿಗೆಯೊಳಗೆ ಮುಚ್ಚಿಕೊಂಡು ಕೂತಿದ್ದರು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಅವರು ತಾವಾಗಿ ಕೇಳುತ್ತಿದ್ದದ್ದು ಒಂದೇ, ಬೆಳಿಗ್ಗೆ ಪೋರ್ಟಿಕೋದಲ್ಲಿ ಕುರ್ಚಿ ಹಾಕಿ ಕೂರಿಸಬೇಕು, ಬಿಲ್ವದ ಕಡೆ ಮುಖ ಮಾಡಿ. ಎಲೆ ಅಲ್ಲಾಡುವುದನ್ನು, ಸೂರಕ್ಕಿ ಬಂದು ಹೋಗುವುದನ್ನು, ವೇಷ ಹಾಕಿದ ಹುಳುವನ್ನು ನೋಡುತ್ತಾ ಸಂಜೆಯವರೆಗೂ ಕೂರುತ್ತಿದ್ದರು. ಆ ಮರ ಇರುವ ತನಕ ಇವರು ಇರುತ್ತಾರೆ ಎಂದು ನನ್ನ ಮನಸ್ಸಿಗೆ ಹೊಕ್ಕುಬಿಟ್ಟಿತ್ತು. ಬುದ್ಧಿಯಿಲ್ಲದ ಮಾತು ಅನ್ನಿ. ಅನ್ನುವವರು ನನ್ನ ಜಾಗದಲ್ಲಿ ಒಂದು ವಾರ ಇದ್ದು ನೋಡಲಿ.

ಇಂಥದ್ದರಲ್ಲಿ ನನ್ನ ಭಾವ, ಅಂದರೆ ಇವರ ಅಣ್ಣ, ವಾಸ್ತು ನೋಡುವವರೊಬ್ಬರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಆಗ ಬೆಂಗಳೂರಿಗೆ ವಾಸ್ತುವಿನ ಹುಚ್ಚು ಹಿಡಿದಿತ್ತು. ಚೆನ್ನಾಗಿರುವ ಗೋಡೆ ಒಡೆಯುವವರು, ಬಚ್ಚಲನ್ನು ಅಡುಗೆಮನೆ ಮಾಡುವವರು, ಗೇಟು ಮುಚ್ಚಿ ಇನ್ನೊಂದು ಕಡೆ ತೆರೆಯುವವರು ಪ್ರತಿ ಕ್ರಾಸಿನಲ್ಲೂ ಇದ್ದರು. ಬಂದವರು ಅಂಗೈಯಲ್ಲಿ ದಿಕ್ಸೂಚಿ ಹಿಡಿದುಕೊಂಡು ಮನೆ ಸುತ್ತಿ ಬಂದು ಬಿಲ್ವದ ಮುಂದೆ ನಿಂತರು.

"ಈಶಾನ್ಯದಲ್ಲಿ ಇಷ್ಟು ಭಾರ ಇರಬಾರ್ದಮ್ಮ. ಯಜಮಾನರ ಅಂಗಕ್ಕೇ ಹೊಡೆತ. ಸಂತಾನಕ್ಕೂ ಅಡ್ಡಿ."

"ಸಂತಾನ ಆಗದೇ ಇದ್ದದ್ದು ಈ ಮರ ಹುಟ್ಟೋಕೆ ಮುಂಚೆನೇ ಸಾರ್" ಎಂದೆ. "ಅದಿರ್ಲಿ, ಈಶಾನ್ಯ ಯಾರ ಮೂಲೆ?"

"ಈಶಾನಂದು. ಅಂದ್ರೆ ಶಿವಂದು."

"ಬಿಲ್ವ ಯಾರ ಮರ?"

"ಶಿವಂದೇ."

"ಅವನ ಮೂಲೇಲಿ ಅವನ ಮರ ಇದ್ರೆ ಅವನಿಗೇ ಆಗಲ್ವಾ? ಚೆನ್ನಾಗಿದೆ ಕಣ್ರೀ ನ್ಯಾಯ!"

ಅವರು ದಿಕ್ಸೂಚಿಯನ್ನು ಮತ್ತೆ ನೋಡಿಕೊಂಡರು. ಭಾವನಿಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ನಾಲಿಗೆಯಿಂದಾನೇ ಈ ಮನೆ ಹಿಂಗಾಗಿದ್ದು" ಎಂದರು. ನನ್ನ ನಾಲಿಗೆ ಯಾವ ಮೂಲೆಯಲ್ಲಿದ್ದರೆ ಒಳ್ಳೆಯದು ಎಂದು ಕೇಳಬೇಕೆನಿಸಿತು. ಕುರ್ಚಿಯಲ್ಲಿ ಕೂತ ಇವರ ಮುಖ ನೋಡಿ ಸುಮ್ಮನಾದೆ. ಮರ ಕಡಿಯಲು ಮಾತ್ರ ಬಿಡಲಿಲ್ಲ. ಭಾವನಿಗೂ ಒಳಗೊಳಗೇ ಅಂಜಿಕೆಯಿತ್ತು. ಬಿಲ್ವಕ್ಕೆ ಕೊಡಲಿ ಹಾಕುವ ಧೈರ್ಯ ನಮ್ಮವರಲ್ಲಿ ಯಾರಿಗೂ ಸುಲಭಕ್ಕೆ ಬರುವುದಿಲ್ಲ.

ಆದರೆ ಅತ್ತೆಯ ತಲೆಯೊಳಗೆ ಆ ಮಾತು ಕೂತುಬಿಟ್ಟಿತು. "ಮಗನ್ನ ನೋಡ್ಕೊಳ್ಳೋಕೆ" ಎಂದು ಬಟ್ಟೆಯ ಚೀಲದೊಂದಿಗೆ ನಮ್ಮಲ್ಲಿಗೇ ಬಂದರು. ಒಂದು ಮಧ್ಯಾಹ್ನ ನಾನು ಲೈನಿಂಗ್ ಬಟ್ಟೆ ತರಲು ಗಾಂಧಿ ಬಜಾರಿಗೆ ಹೋಗಿ ಬಂದೆ. ಗೇಟು ತೆಗೆಯುತ್ತಲೇ ಗಮ್ಮೆಂದು ಒಗ್ಗರಣೆಯ ವಾಸನೆ. ಅಡುಗೆಮನೆಗೆ ಹೋದರೆ ಒಲೆ ತಣ್ಣಗಿದೆ. ಸಾಯಂಕಾಲ ಸಾರಿಗೆ ಇಂಗು ಹಾಕಲು ಡಬ್ಬಿ ತೆಗೆದರೆ, ಹೊಸದಾಗಿ ತಂದಿಟ್ಟಿದ್ದ ಗಟ್ಟಿ ಇಂಗಿನ ಉಂಡೆಯೇ ಇಲ್ಲ. ನನಗೆ ಹೊಳೆದದ್ದು ಆಗ. ಹೊರಗೆ ಓಡಿದೆ. ಬಿಲ್ವದ ಬುಡದಿಂದ ಒಂದು ಗೇಣು ಮೇಲೆ, ಗೋಡೆಯ ಕಡೆಗೆ, ಹಸಿ ಮಣ್ಣು ಮೆತ್ತಿತ್ತು. ಉಗುರಲ್ಲಿ ಕೆರೆದೆ. ಒಳಗೆ ತೂತು. ತೂತಿನ ತುಂಬ ಇಂಗು.

ಮರಕ್ಕೆ ತೂತು ಕೊರೆದು ಇಂಗು ತುಂಬಿದರೆ ಅದು ತಾನಾಗಿ ಒಣಗುತ್ತದೆ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಬಡಗಿಯನ್ನು ಕರೆದು, ಬಟ್ಟೆ ಒಣಗಿಸುವ ತಂತಿಗೆ ಗೂಟ ಹೊಡೆಯಬೇಕು ಎಂದು ಸುಳ್ಳು ಹೇಳಿ ಅತ್ತೆ ತೂತು ಕೊರೆಸಿದ್ದರು.

"ಏನತ್ತೆ ಇದು?" ಎಂದು ಕೂಗಿದೆ. ಬೀದಿಗೆಲ್ಲ ಕೇಳಿರಬೇಕು.

ಅತ್ತೆ ತಲೆ ಎತ್ತಲಿಲ್ಲ. "ಕಡಿದ್ರೆ ಪಾಪ ಕಣೇ. ತಾನಾಗೇ ಒಣಗಿದ್ರೆ ಯಾರಿಗೂ ಪಾಪ ಇಲ್ಲ."

"ಶಿವನಿಗೆ ಕಾಣಲ್ಲ ಅಂದ್ಕೊಂಡ್ರಾ? ನಮಗೆಲ್ಲ ಎರಡೇ ಕಣ್ಣು ಅತ್ತೆ, ಅವನಿಗೆ ಮೂರು! ಅದೂ ನನ್ನ ಇಂಗೇ ಬೇಕಾಗಿತ್ತಾ ನಿಮಗೆ?"

"ನನಗೆ ಮರ ಬೇಡ ಕಣೇ, ನನ್ನ ಮಗ ಬೇಕು" ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ನನಗೂ ಅವರೇ ಬೇಕಾಗಿದ್ದರು. ನಾನು ಮರ ಉಳಿಸಿ ಅವರನ್ನು ಉಳಿಸಿಕೊಳ್ಳಲು ಹೊರಟಿದ್ದೆ, ಅತ್ತೆ ಮರ ಕೊಂದು. ಕೆಟ್ಟವರಾಗಿದ್ದರೆ ಚೆನ್ನಾಗಿ ಜಗಳವಾಡಬಹುದಿತ್ತು.

ಆಗ ಇನ್ನೊಂದು ತಲೆಗೆ ಬಂತು. ಇದೆಲ್ಲ ನಡೆದದ್ದು ಇವರ ಕಣ್ಣೆದುರಿಗೇ! ಕುರ್ಚಿ ಅಲ್ಲೇ ಇತ್ತು. ಇವರ ಮುಂದೆ ಕುಕ್ಕರಗಾಲಲ್ಲಿ ಕೂತು, "ನೀವು ನೋಡಿದ್ರಿ. ನಿಮ್ಮ ಮರ. ಬೇಡ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ರೀ?" ಎಂದು ಕೇಳಿದೆ.

ಬಹಳ ಹೊತ್ತು ಬಾಯಿ ಹೊಂದಿಸಿಕೊಂಡರು. "ಅವ್ವ... ಅಳ್ತಾ... ಹಾಕ್ತಿದ್ಲು."

ನಾನು ಚಮಚದ ಹಿಡಿಯಿಂದ ಸಿಕ್ಕಷ್ಟು ಇಂಗನ್ನು ಕೆದಕಿ ತೆಗೆದೆ, ತೂತಿಗೆ ನೀರು ಹೊಯ್ದು ತೊಳೆದೆ, ಸಗಣಿ ಮೆತ್ತಿದೆ. ನನ್ನ ಕೈಗೆ ಅಂಟಿದ ಇಂಗಿನ ವಾಸನೆ ದಿನಗಟ್ಟಲೆ ಹೋಗಲಿಲ್ಲ.

ಶಿವರಾತ್ರಿಗೆ ಜನ ಎಂದಿನಂತೆ ಬಂದು ಪತ್ರೆ ಕೊಯ್ದುಕೊಂಡು ಹೋದರು. ಆಮೇಲೆ ಎಲೆ ಉದುರತೊಡಗಿತು. ಇದು ಪ್ರತಿ ವರ್ಷದ ಪಾಡೇ. ಬಿಲ್ವ ಎಲೆ ಕಳಚಿ, ಬರೀ ಮುಳ್ಳಾಗಿ ನಿಂತು, ಯುಗಾದಿಯ ಹೊತ್ತಿಗೆ ಚಿಗುರಿಕೊಳ್ಳುತ್ತಿತ್ತು. ನನಗೆ ಅದು ಗೊತ್ತಿತ್ತು, ಅದಕ್ಕೇ ಧೈರ್ಯವಾಗಿದ್ದೆ. ಆದರೆ ಯುಗಾದಿ ಬಂತು, ಬೇವು ಬೆಲ್ಲ ತಿಂದದ್ದಾಯಿತು, ನಮ್ಮ ಮರ ಕಣ್ಣು ಬಿಡಲಿಲ್ಲ. ರಸ್ತೆಯ ಹೊಂಗೆಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ಜಯನಗರದ ಕಡೆ ಬಸ್ಸಿನಲ್ಲಿ ಹೋದರೆ ಎರಡೂ ಬದಿಯ ಮರಗಳು ಕೆಂಪು, ಹಳದಿ, ನೇರಳೆ ಹೂ ಹೊತ್ತುಕೊಂಡು ಮದುವೆಮನೆಗೆ ಹೊರಟಂತೆ ನಿಂತಿದ್ದವು. ಜನ ಕಿಟಕಿಯಿಂದ ನೋಡಿ "ಸಖತ್ತಾಗಿದೆ ಅಲ್ವಾ" ಎನ್ನುತ್ತಿದ್ದರು. ನನಗೆ ಕೋಪ ಬರುತ್ತಿತ್ತು. ಊರಿಗೆಲ್ಲ ಹೂ ಹಂಚುವವನಿಗೆ ನನ್ನ ಮರಕ್ಕೆ ಒಂದು ಚಿಗುರು ಕೊಡಲು ಬರಗಾಲವೇ?

ಬೆಳಿಗ್ಗೆ ಅಂಗಳ ತೊಳೆಯುವಾಗ ಅವನನ್ನು ಬೈಯುವುದು ನನಗೆ ಅಭ್ಯಾಸವಾಯಿತು. "ಮಹಿಮೆ, ಮಹಿಮೆ ಅಂತ ಹೇಳಿಸ್ಕೊಳ್ತೀಯಲ್ಲ, ಎಲ್ಲಿಟ್ಟಿದ್ದೀಯ ತೋರಿಸು. ಬೆಟ್ಟದ ಮೇಲೆ ತೋರಿಸೋದು ದೊಡ್ಡದಲ್ಲ. ಇಲ್ಲಿ ತೋರಿಸು, ಈ ಗೇಟಿನ ಪಕ್ಕ" ಎಂದು ಪೊರಕೆ ಬಡಿಯುತ್ತಿದ್ದೆ. ಎದುರುಮನೆಯ ಆಂಟಿ ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದರು. ನನ್ನ ಭಕ್ತಿ ಅಷ್ಟೇ ಇದ್ದದ್ದು. ಆದರೆ ಒಂದು ದಿನವೂ ಬೈಯುವುದನ್ನು ತಪ್ಪಿಸಲಿಲ್ಲ, ಅದನ್ನು ಅವನೂ ಒಪ್ಪಿಕೊಳ್ಳಬೇಕು.

ಇನ್ನೊಂದು ವಿಚಿತ್ರ ನಡೆಯಿತು. ಮರ ಒಣಗಲಿ ಎಂದು ಇಂಗು ತುಂಬಿದ್ದ ಅತ್ತೆಗೇ ಈಗ ನಡುಕ ಹತ್ತಿತು. ಮರ ಬೋಳಾದ ಹಾಗೆಲ್ಲ ಮಗನ ತಟ್ಟೆಯಲ್ಲಿ ಮುದ್ದೆ ಹೆಚ್ಚು ಹೆಚ್ಚು ಉಳಿಯುತ್ತಿತ್ತು. ಕುರ್ಚಿಯಲ್ಲಿ ಕೂತರೂ ಇವರು ಮರ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ದಿನ ಬಿಟ್ಟು ದಿನ ಬರುತ್ತಿದ್ದ ಕಾವೇರಿ ನೀರನ್ನು ಡ್ರಮ್ಮಿಗೆ ತುಂಬಿಟ್ಟರೆ, ಅತ್ತೆ ಕದ್ದು ಬಿಂದಿಗೆಗಟ್ಟಲೆ ಮೊಗೆದು ಬಿಲ್ವದ ಬುಡಕ್ಕೆ ಸುರಿಯುತ್ತಿದ್ದರು. ಪಾತ್ರೆ ತೊಳೆಯಲು ನೀರಿಲ್ಲದೆ ನಾನು ಪರದಾಡುತ್ತಿದ್ದೆ. ಬೈಯಲು ಬಾಯಿ ಬರುತ್ತಿರಲಿಲ್ಲ. ಅವರು ಮರದ ಬುಡದಲ್ಲಿ ನೀರು ಇಂಗುವುದನ್ನೇ ನೋಡುತ್ತಾ, "ಚಿಗುರಪ್ಪಾ, ತಪ್ಪಾಯ್ತು, ಚಿಗುರಪ್ಪಾ" ಎಂದು ಸಣ್ಣದನಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಮೊದಲ ಮಳೆ ಬಂದದ್ದು ಒಂದು ಸಂಜೆ, ಆಲಿಕಲ್ಲಿನ ಸಮೇತ. ಹೊಸಕೆರೆಹಳ್ಳಿ ಕೆರೆಯ ಮೇಲಿನಿಂದ ಮೋಡ ಕಪ್ಪಗೆ ಎದ್ದು ಬಂತು. ಕುರ್ಚಿ ಒಳಗೆಳೆಯಲು ಹೋದರೆ ಇವರು ಬಲಗೈಯಿಂದ ಪೋರ್ಟಿಕೋದ ಕಂಬ ಹಿಡಿದುಕೊಂಡರು. ಬರಲ್ಲ ಎಂಬಂತೆ ತಲೆಯಾಡಿಸಿದರು. ಕರಡಿಗೆ ಮುಚ್ಚಿದ ಮೇಲೆ ಅವರು ನನಗೆ ತೋರಿಸಿದ ಮೊದಲ ಹಟ ಅದು. ನನಗೆ ಎಷ್ಟು ಖುಷಿಯಾಯಿತೆಂದರೆ, ನೆನೆಯಲಿ ಎಂದು ಬಿಟ್ಟುಬಿಟ್ಟೆ. ಸಿಡಿಲು ಬಡಿಯಿತು, ಆಲಿಕಲ್ಲು ಶೀಟಿನ ಮೇಲೆ ಪಟಪಟ ಬಿದ್ದವು, ಬಿಲ್ವದ ಒಣಗಿದ ಒಂದು ಕೊಂಬೆ ಲಟಕ್ಕೆಂದು ಮುರಿಯಿತು. ಅವರ ಸೊಟ್ಟ ಬಾಯಿಯ ಮೇಲೆ ಎರಚಲಿನ ನೀರು ಇಳಿಯುತ್ತಿತ್ತು. ಅವರು ಅಳುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನಂತೂ ಅಳುತ್ತಿದ್ದೆ. ಮಳೆಯಲ್ಲಿ ಕಟ್ಟಪ್ಪಣೆ ಮುರಿದರೆ ಯಾರಿಗೂ ಕಾಣುವುದಿಲ್ಲ.

ಆಮೇಲೆ ಮತ್ತೆ ಮತ್ತೆ ಮಳೆ ಬಂತು. ಮರ ಹಾಗೆಯೇ ನಿಂತಿತ್ತು. ಇವರು ಬೆಳಿಗ್ಗೆ ಕುರ್ಚಿಯನ್ನು ಸ್ವಲ್ಪ ಎಡಕ್ಕೆ, ಮೆಟ್ಟಿಲ ಕಡೆಗೆ ತಿರುಗಿಸು ಎಂದು ಕೈಸನ್ನೆ ಮಾಡತೊಡಗಿದರು. ಮರದ ಮುಖ ನೋಡಲಾಗದೆ ಹೀಗೆ ಕೇಳುತ್ತಿದ್ದಾರೆ ಎಂದುಕೊಂಡು ನಾನು ತಿರುಗಿಸಿ ಕೂರಿಸುತ್ತಿದ್ದೆ.

ಒಂದು ಭಾನುವಾರ ಭಾವ ಮತ್ತೆ ಬಂದರು. ಈ ಸಲ ಮರ ಕಡಿಯುವವನೊಬ್ಬನನ್ನು ಏಣಿ, ಕೊಡಲಿ, ಹಗ್ಗದ ಸಮೇತ ಕರೆತಂದಿದ್ದರು. "ಈಗೇನು ಮಾತಾಡ್ಬೇಡ. ಒಣಗಿದ ಮರ ಮನೆ ಮುಂದೆ ಇಟ್ಕೊಂಡು ನನ್ನ ತಮ್ಮನ್ನ ಕೂರಿಸಿದ್ದೀಯಲ್ಲ, ಮನುಷ್ಯಳಾ ನೀನು?" ಎಂದರು.

ಮರಕ್ಕೆ ಬೆನ್ನು ಕೊಟ್ಟು ನಿಂತೆ. "ಒಣಗಿದ್ರೂ ಅದು ನಮ್ಮ ಮನೇದು ಭಾವ. ಕೈಕಾಲು ಒಣಗಿದವರನ್ನೆಲ್ಲ ಕಡಿದು ಹಾಕೋದಾದ್ರೆ ಮೊದಲು ಯಾರನ್ನ ಕಡೀತೀರಾ, ಹೇಳಿ?"

ಆಡಬಾರದ ಮಾತು. ಆಡಿಬಿಟ್ಟೆ. ಭಾವನ ಮುಖ ಬಿಳುಚಿಕೊಂಡಿತು. ಒಳಗಿನಿಂದ ಬಂದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ನಮ್ಮ ಮಾತು ತನಗೆ ಸಂಬಂಧವಿಲ್ಲವೆಂಬಂತೆ ಮರ ಕಡಿಯುವವನು, "ಏಣಿ ಎಲ್ಲಿಡ್ಲಿ ಸಾರ್, ಭಾರ ಆಗ್ತಿದೆ" ಎನ್ನುತ್ತಾ ನನ್ನ ಪಕ್ಕದಿಂದ ನುಸುಳಿ ಪೋರ್ಟಿಕೋದ ಮೆಟ್ಟಿಲ ಹತ್ತಿರ ಹೋದ.

"ಏಯ್! ಮೆಟ್ಬೇಡ!"

ಬೀದಿಯೇ ನಿಂತುಹೋಯಿತು. ಅದು ಮೈದಾನದ ಗಂಟಲು. "ಸಾವಧಾನ್" ಎನ್ನುತ್ತಿದ್ದ ಗಂಟಲು. ಮರ ಕಡಿಯುವವನು ಒಂದು ಕಾಲೆತ್ತಿಕೊಂಡೇ ಕಲ್ಲಾಗಿ ನಿಂತ. ಅದರ ಹಿಂದೆಯೇ ದಡ್ ಎಂಬ ಸದ್ದು. ತಿರುಗಿ ನೋಡಿದರೆ ಕುರ್ಚಿ ಖಾಲಿ. ಇವರು ನೆಲದ ಮೇಲಿದ್ದರು. ಬಿದ್ದರು ಎಂದುಕೊಂಡು ಓಡಿದೆ. ಅವರು ಬಿದ್ದಿರಲಿಲ್ಲ, ಇಳಿದಿದ್ದರು. ಆಗದ ಕಾಲನ್ನು ಹಿಂದೆ ಎಳೆದುಕೊಂಡು, ಪೃಷ್ಠದ ಮೇಲೆ ಜಾರಿಕೊಂಡು ಮೆಟ್ಟಿಲ ತನಕ ಬಂದು, ಬಲಗೈಯನ್ನು ನೆಲದ ಮೇಲೆ ಬೋಗುಣಿಯಂತೆ ಕವುಚಿ ಹಿಡಿದಿದ್ದರು.

"ಏನ್ರೀ? ಏನಾಯ್ತು? ಏನದು?"

ಅವರು ಕೈ ಸ್ವಲ್ಪ ಸರಿಸಿದರು. ಮೆಟ್ಟಿಲ ಪಕ್ಕದ ಸಿಮೆಂಟು ಬಿರಿದು, ಹಪ್ಪಳದಂತೆ ಒಂದು ಚೂರು ಮೇಲೆದ್ದಿತ್ತು. ಆ ಬಿರುಕಿನಿಂದ ಗೇಣುದ್ದದ ಒಂದು ಸಸಿ ಎದ್ದು ನಿಂತಿತ್ತು. ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು. ಒಂದೊಂದು ತೊಟ್ಟಿನಲ್ಲಿ ಮೂರು ಮೂರು ಎಸಳು.

ಕುರ್ಚಿ ತಿರುಗಿಸು ಎಂದು ಅವರು ಕೇಳುತ್ತಿದ್ದದ್ದು ಇದಕ್ಕೇ! ಸಿಮೆಂಟು ಉಬ್ಬಿದಾಗಿನಿಂದ, ಬಿರಿದಾಗಿನಿಂದ, ಮೊದಲ ಮುಳ್ಳು ಹೊರಬಂದಾಗಿನಿಂದ ಕಾವಲು ಕೂತಿದ್ದರು. ನಾನು ದಿನಾ ಅದರ ಪಕ್ಕದಲ್ಲೇ ಪೊರಕೆ ಬಡಿದು, ಮಹಿಮೆ ಎಲ್ಲಿ ಎಂದು ಆಕಾಶ ನೋಡಿ ಕೂಗಾಡಿದ್ದೆ.

ಮರ ಕಡಿಯುವವನು ಏಣಿ ಕೆಳಗಿಟ್ಟು ಬಗ್ಗಿ ನೋಡಿದ. "ಬೇರಿಂದ ಬಂದೈತಕ್ಕಾ. ಬಿಲ್ವ ಹಂಗೇ, ಬೇರು ಓಡಿದ ಕಡೆಯೆಲ್ಲ ಏಳ್ತದೆ" ಎಂದ. ಎಲ್ಲರೂ ಹುಡುಕಿದೆವು. ಸಂಪಿನ ಮುಚ್ಚಳದ ಪಕ್ಕ ಒಂದು, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಒಂದು, ಕಾಂಪೌಂಡಿನ ಆಚೆ ಮೋರಿಯ ದಂಡೆಯಲ್ಲಿ ಮತ್ತೊಂದು. ಇಂಗು ತಿಂದ ಕಾಂಡ ಸತ್ತೇ ಹೋಗಿತ್ತು. ಅದು ಆಮೇಲೂ ಚಿಗುರಲಿಲ್ಲ. ಮರ ಮಾತ್ರ ಸತ್ತಿರಲಿಲ್ಲ. ಕತ್ತಲಲ್ಲಿ, ನಾವು ಓಡಾಡುವ ಸಿಮೆಂಟಿನ ಅಡಿಯಲ್ಲಿ, ಯಾರಿಗೂ ಹೇಳದೆ ಕೇಳದೆ ಮನೆ ಪೂರ್ತಿ ಸುತ್ತಿಬಂದಿತ್ತು.

"ಕರೀರಿ ಭಾವ, ನಿಮ್ಮ ವಾಸ್ತುವಿನವರನ್ನ!" ಎಂದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. "ಈಶಾನ್ಯ ಒಂದೇ ಬೇಡ ಅಂದ್ರಲ್ಲ, ಈಗ ಮೂಲೆ ಮೂಲೆಗೂ ಬಂದು ಕೂತಿದ್ದಾನೆ. ಎಷ್ಟು ಅಂತ ಇಂಗು ತರ್ತೀರಾ?"

ಭಾವ ತಮ್ಮನ ಪಕ್ಕ ನೆಲದ ಮೇಲೆ ಕೂತು ಅವರ ಹೆಗಲ ಮೇಲೆ ಕೈಯಿಟ್ಟರು. ಅತ್ತೆ ಸಂಪಿನ ಹತ್ತಿರ ನಿಂತು ಎರಡೂ ಕೈಯಿಂದ ಕೆನ್ನೆ ಬಡಿದುಕೊಳ್ಳುತ್ತಿದ್ದರು. ದೇವರ ಮಹಿಮೆಯನ್ನು ನಾನು ಅವತ್ತು ಒಪ್ಪಿಕೊಂಡೆ. ಕೈಮುಗಿದುಕೊಂಡು ಅಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು. ನನಗೆ ಹಿಡಿಸುವ ದೇವರು ಅವನೇ, ಸಿಮೆಂಟು ಒಡೆದು ಬರುವವನು. ಲಕ್ವ ಕೊಟ್ಟವನೂ ಅವನೇ ಆಗಿದ್ದರೆ ಆ ಲೆಕ್ಕ ಬೇರೆ. ಅದನ್ನು ನಾನು ಬಿಟ್ಟಿಲ್ಲ, ಎದುರು ಸಿಕ್ಕಾಗ ಕೇಳುತ್ತೇನೆ.

ಆ ಎಡಗೈ ಮತ್ತೆ ಬರಲಿಲ್ಲ. ಅದನ್ನು ಮುಚ್ಚಿಟ್ಟು ಕತೆ ಚೆನ್ನಾಗಿ ಮಾಡುವ ಆಸೆ ನನಗಿಲ್ಲ. ಇವರು ಕೋಲು ಹಿಡಿದು ನಡೆದರು, ಗೇಟಿನ ತನಕ, ಆಮೇಲೆ ಕೆರೆಯ ಏರಿಯ ತನಕ. ಎರಡು ಸಾವಿರದ ಇಸವಿ ದಾಟಿ ಎಷ್ಟೋ ಶಿವರಾತ್ರಿಗಳಿಗೆ ಮೆಟ್ಟಿಲ ಪಕ್ಕದ ಮರದಿಂದ ಬಲಗೈಯಲ್ಲೇ ಪತ್ರೆ ಕಿತ್ತು ಬೀದಿಯವರಿಗೆ ಕೊಟ್ಟರು. ಮೆಟ್ಟಿಲು ಬಿರಿದು ಹಾಳಾಯಿತು. ಅದನ್ನು ನಾವು ಸರಿ ಮಾಡಿಸಲೇ ಇಲ್ಲ. ಈಗಲೂ ನಮ್ಮ ಮನೆಗೆ ಬರುವವರು ಸ್ವಲ್ಪ ಬಳಸಿಕೊಂಡೇ ಒಳಗೆ ಬರಬೇಕು.

ನನಗೆ ಹೆಚ್ಚಾಗಿ ನೆನಪಾಗುವುದು ಆ ಭಾನುವಾರದ ಮರುದಿನ. ಸೋಮವಾರ. ಇವರು ಸ್ನಾನ ಮಾಡಿಸು ಎಂದು ತಾವೇ ಕೇಳಿದರು. ವಿಭೂತಿ ಹಚ್ಚಿಕೊಂಡು ಕರಡಿಗೆಯ ಮುಚ್ಚಳ ಹಿರಿದು ತೆಗೆದರು. ಹೊಸ ಸಸಿಯಿಂದ ಒಂದೇ ಒಂದು ತೊಟ್ಟು ಪತ್ರೆ ತಂದು ತಟ್ಟೆಯಲ್ಲಿಟ್ಟಿದ್ದೆ. ಎಡಗೈ ಬೆರಳು ಬಿಡಿಸಿದರು. ಕೈ ನಡುಗಿ ಮತ್ತೆ ಮಗುಚಿಕೊಳ್ಳಲು ನೋಡಿತು. ಪೂಜೆಗೆ ಕೂತವರನ್ನು ಮುಟ್ಟಬಾರದೆಂದು ಈ ಮನೆಗೆ ಬಂದ ಹೊಸದರಲ್ಲಿ ನನಗೆ ಕಲಿಸಿದವರು ಅತ್ತೆಯೇ. ಆ ಅತ್ತೆ ಅಲ್ಲೇ ಎದುರಿಗೆ ಕೂತಿದ್ದರು. ನಾನು ಅವರ ಮುಖವನ್ನೇ ನೋಡುತ್ತಾ ಇವರ ಪಕ್ಕ ಕೂತೆ. ನನ್ನ ಅಂಗೈಯನ್ನು ಇವರ ಅಂಗೈ ಕೆಳಗಿಟ್ಟೆ. ಇವರು ನನ್ನನ್ನೊಮ್ಮೆ ನೋಡಿ, ಆ ಎರಡು ಕೈಗಳ ಮೇಲೆ ಲಿಂಗವಿಟ್ಟು, ಬಲಗೈಯಲ್ಲಿ ಗಿಂಡಿ ಎತ್ತಿದರು. ನೀರು ಇವರ ಬೆರಳ ಸಂದಿಯಿಂದ ನನ್ನ ಅಂಗೈಗೆ ಇಳಿಯಿತು.

ಅತ್ತೆ ಬೈಯುತ್ತಾರೆಂದು ಕಾದೆ. ಅವರು ಪತ್ರೆಯ ತಟ್ಟೆಯನ್ನು ಮಗನ ಹತ್ತಿರಕ್ಕೆ ಸರಿಸಿದರು.

"ಬೀಳಿಸಿಬಿಟ್ಟೀಯ ಕಣೇ, ಜೋಪಾನ" ಎಂದರು.

"ಬಿದ್ರೆ ಎತ್ಕೊಳ್ತೀವಿ ಬಿಡಿ ಅತ್ತೆ" ಎಂದೆ.